ಕ್ರಿಸ್‌ಮಸ್ ರಜೆಗೆ ಡೊಂಬಿವಲಿಯಲ್ಲೊಂದು ಸಾಕ್ಷ್ಯಚಿತ್ರ: ನನ್ನ ಅನುಭವ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಕನ್ನಡ ಬಳಗ ಸಾಕ್ಷ್ಯಚಿತ್ರ ತೋರಿಸುವುದಕ್ಕೆ ಆರಿಸಿಕೊಂಡ ದಿನ ಡಿಸೆಂಬರ್ 25. ಆಗ ಧನುರ್ಮಾಸ. ನಮ್ಮವರಲ್ಲಿ ಮದುವೆ, ಮುಂಜಿ ಇರುವುದಿಲ್ಲ, ಹಾಲ್ ಸುಲಭವಾಗಿ ಸಿಗುತ್ತದೆ. ಮಕ್ಕಳಿಗೂ ರಜೆ. ಮಾಮೂಲಿ ಭಾನುವಾರ ಇಟ್ಟುಕೊಂಡರೆ ಸೆಂಟ್ರಲ್ ಲೈನಿನಲ್ಲಿ ಹಳಿ ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಕಾಟ. ಮುಲುಂಡ್, ಥಾಣೆ ಕಡೆಯವರು ಬರುವುದೇ ಅನುಮಾನ.

ಪ್ರಶಸ್ತಿ ಬಂದಿದೆ ಅಂದ ಮಾತ್ರಕ್ಕೆ ಯಾರೂ ರಜೆಯ ಮಧ್ಯಾಹ್ನ ಬಿಟ್ಟುಕೊಡುವುದಿಲ್ಲ. ಚಿತ್ರ ಅವರ ಬದುಕಿಗೆ ತಾಗಬೇಕು. ನಮ್ಮಲ್ಲಿ ಕರಾವಳಿಯ ಮೀನುಗಾರ ಸಮುದಾಯದ ಮೊಗವೀರ ಕುಟುಂಬಗಳು ಜಾಸ್ತಿ. ಅದಕ್ಕೇ ಸರ್ವನಿಕ್ ಕೌರ್ ಅವರ ‘ಅಗೇನ್ಸ್ಟ್ ದ ಟೈಡ್’ ಆರಿಸಿದೆವು. 2023ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ವಿಶೇಷ ಪ್ರಶಸ್ತಿ ಪಡೆದ ಚಿತ್ರ ಅದು. ಮುಂಬೈಯ ಇಬ್ಬರು ಕೋಲಿ ಮೀನುಗಾರ ಗೆಳೆಯರ ಕಥೆ. ಒಬ್ಬ ಹಿರಿಯರ ಕ್ರಮದಲ್ಲೇ ದಡದ ಹತ್ತಿರ ಮೀನು ಹಿಡಿಯುತ್ತಾನೆ. ಇನ್ನೊಬ್ಬ ಆಳಸಮುದ್ರಕ್ಕೆ ಹೋಗುವವನು, ಎಲ್‌ಇಡಿ ದೀಪದ ಬೆಳಕಿಗೆ ಮೀನು ಸೆಳೆದು ಹಿಡಿಯುವ ಮೀನುಗಾರಿಕೆಯ ಕಡೆ ವಾಲುತ್ತಾನೆ.

ಅನುಮತಿ ವಿಷಯದಲ್ಲಿ ನನ್ನದು ಒಂದೇ ಹಟ. ಓಟಿಟಿ ಚಂದಾ ಇರುವುದು ಮನೆಯಲ್ಲಿ ನೋಡುವುದಕ್ಕೆ. ಹಾಲ್‌ಗೆ ಜನರನ್ನು ಕರೆದು ತೋರಿಸಬೇಕಾದರೆ ಹಕ್ಕು ಇರುವವರನ್ನು ಕೇಳಲೇಬೇಕು. ಯಾವ ದಿನ, ಎಷ್ಟು ಜನ, ಟಿಕೆಟ್ ಇದೆಯೇ ಇಲ್ಲವೇ ಎಂದು ಮೊದಲ ಪತ್ರದಲ್ಲೇ ಬರೆದುಬಿಡಿ. ಸೆನ್ಸಾರ್ ಸರ್ಟಿಫಿಕೇಟ್ ಬಗ್ಗೆಯೂ ಕೇಳಿ. ಶುಲ್ಕ ಹೇಳಿದರೆ ಚೌಕಾಸಿ ಬೇಡ. ಇಂಥ ಚಿತ್ರಗಳನ್ನು ಮಾಡುವವರು ವರ್ಷಗಟ್ಟಲೆ ಸ್ವಂತ ದುಡ್ಡು, ಅನುದಾನ ಅಂತ ಒದ್ದಾಡಿರುತ್ತಾರೆ. ನಾವು ತಿಂಡಿಗೆ ಖರ್ಚು ಮಾಡುವಷ್ಟಾದರೂ ಅವರಿಗೆ ಕೊಡಬೇಕಲ್ವಾ?

ಹೆಚ್ಚು ದುಡಿದದ್ದು ಕನ್ನಡ ಸಬ್‌ಟೈಟಲ್‌ಗೆ. ನಮ್ಮ ಹಿರಿಯರಿಗೆ ಬಜಾರಿನ ಮರಾಠಿ ಚೆನ್ನಾಗಿ ಬರುತ್ತದೆ, ಚಿತ್ರದಲ್ಲಿ ಮೀನುಗಾರರು ದೋಣಿಯ ಮೇಲೆ ಆಡುವ ಮಾತು ಅಷ್ಟು ಅರ್ಥವಾಗುವುದಿಲ್ಲ. ಇಂಗ್ಲಿಷ್ ಸಾಲು ಓದುವಷ್ಟರಲ್ಲಿ ಮಾಯ. ಹಾಗಾಗಿ ಒಪ್ಪಿಗೆ ಪಡೆದು ನಾವೇ ಬರೆದೆವು. ಒಂದು ಸಲಕ್ಕೆ ಎರಡು ಸಾಲು ಮೀರಬಾರದು. ಮಾತಿನ ಪ್ರತಿ ಪದವೂ ಬೇಕಿಲ್ಲ, ಮುಖ ನೋಡಲು ಸಮಯ ಉಳಿಯಬೇಕು. ಯೂನಿಕೋಡ್ ಫಾಂಟನ್ನೇ ಬಳಸಿ, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಇಲ್ಲಿ ನಡೆಯುವುದಿಲ್ಲ. ಕೆಲವು ಪ್ಲೇಯರ್‌ಗಳಲ್ಲಿ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ. ಯಾವ ಲ್ಯಾಪ್‌ಟಾಪಿನಿಂದ ತೋರಿಸುತ್ತೀರೋ ಅದರಲ್ಲೇ ಪೂರ್ತಿ ಓಡಿಸಿ ನೋಡಿ.

ಇನ್ನೊಂದು ಸಣ್ಣ ವಿಷಯ, ಆದರೆ ಇಡೀ ಪ್ರದರ್ಶನ ಇದರ ಮೇಲೆ ನಿಂತಿದೆ. ಸಂಘದ ಹಾಲ್‌ಗಳ ನೆಲ ಸಮತಟ್ಟು. ಪರದೆ ಕೆಳಗಿದ್ದರೆ ಮುಂದಿನವರ ತಲೆ ಸಬ್‌ಟೈಟಲನ್ನೇ ನುಂಗಿಬಿಡುತ್ತದೆ. ಪರದೆಯ ಕೆಳ ಅಂಚು ನೆಲದಿಂದ ನಾಲ್ಕೂವರೆ ಅಡಿ ಮೇಲಿರಲಿ. ಕೊನೆಯ ಸಾಲಿನ ಕುರ್ಚಿಯಲ್ಲಿ ಕೂತೇ ಪರೀಕ್ಷಿಸಿ. ಹಗಲಾದ್ದರಿಂದ ಕಿಟಕಿಗಳಿಗೆ ಡೆಕೋರೇಟರ್‌ನವರ ಕಪ್ಪು ಬಟ್ಟೆ ಕಟ್ಟಿಸಿದೆವು.

ಚಿತ್ರ ಮುಗಿದ ಮೇಲೆ ಭಾಷಣ ಇಡಲಿಲ್ಲ, ಮೈಕನ್ನು ಜನರ ನಡುವೆ ಕಳಿಸಿದೆವು. ಮುಂಬೈಯ ಮೀನುಗಾರಿಕೆ ಬಂದರು ಸಸೂನ್ ಡಾಕ್‌ನಲ್ಲಿ ದುಡಿದ ಹಿರಿಯರೊಬ್ಬರು ಎದ್ದು, ಬೆರಳು ಮಡಚಿ ಬಲೆಯ ಕಣ್ಣಿನ ಅಳತೆ ತೋರಿಸಿದರು. “ನಮ್ಮ ಕಾಲದಲ್ಲಿ ಕಣ್ಣು ಇಷ್ಟು ದೊಡ್ಡದು ಮಾರಾಯ್ರೆ, ಮರಿ ಮೀನು ತಪ್ಪಿಸಿಕೊಳ್ತಿತ್ತು. ಈಗ ದೀಪ ಹಾಕಿ ಮರಿಯನ್ನೂ ಬಾಚ್ತಾರೆ” ಅಂದರು. ಎಲ್‌ಇಡಿ ದೀಪದ ಮೀನುಗಾರಿಕೆಗೆ ಕೇಂದ್ರ ಸರ್ಕಾರ 2017ರಲ್ಲೇ ನಿಷೇಧ ಹೇರಿದೆ ಎಂದು ಕಾಲೇಜು ಹುಡುಗಿಯೊಬ್ಬಳು ಹೇಳಿದಾಗ, “ಕಾಗದದಲ್ಲಿ ಉಂಟು ಮಗಾ” ಎಂದು ಅವರು ಕೂತರು. ಆಮೇಲೆ ಚಹಾ ತಣ್ಣಗಾದರೂ ಮಾತು ನಿಲ್ಲಲಿಲ್ಲ.

ಕನ್ನಡ ಸಬ್‌ಟೈಟಲ್ ಫೈಲನ್ನು ಚಿತ್ರತಂಡಕ್ಕೇ ಕಳಿಸಿಕೊಟ್ಟಿದ್ದೇವೆ. ಮಲ್ಪೆಯಲ್ಲೋ ಕಾರವಾರದಲ್ಲೋ ಯಾರಾದರೂ ತೋರಿಸುವುದಾದರೆ ಮತ್ತೆ ಮೊದಲಿನಿಂದ ಬರೆಯಬೇಕಾಗಿಲ್ಲ.