ಒಂದು ಮಾಡುವುದು ಬೇರೆ, ಸಾವಿರ ಮಾಡುವುದು ಬೇರೆ

ಅಮ್ಮನಿಗೆ ಬೆರಳಿನ ಗಂಟುಗಳಲ್ಲಿ ನೋವು. ಬಾಟಲಿಯ ಮುಚ್ಚಳ ತೆಗೆಯಬೇಕಾದರೆ ಯಾರಾದರೂ ಮನೆಗೆ ಬರಲಿ ಎಂದು ಕಾಯುತ್ತಿದ್ದಳು. ಅದನ್ನು ನೋಡಲಾಗದೆ ಒಂದು ಸಣ್ಣ ಸಾಧನ ಮಾಡಿದೆ. ರಬ್ಬರ್ ಹಚ್ಚಿದ ಬಳೆಯಂಥ ಭಾಗ ಮುಚ್ಚಳವನ್ನು ಕಚ್ಚಿ ಹಿಡಿಯುತ್ತದೆ. ಅದರ ಉದ್ದ ಹಿಡಿಕೆಯನ್ನು ಅಂಗೈಯಿಂದ ತಳ್ಳಿದರೆ ಸಾಕು, ಬೆರಳು ಮಡಚಬೇಕಿಲ್ಲ. ತ್ರೀಡಿ ಪ್ರಿಂಟರಿನಲ್ಲಿ ತೆಗೆದ ನಾಲ್ಕನೆಯ ಮಾದರಿಯಲ್ಲೇ ಮುಚ್ಚಳ ತೆರೆದುಕೊಂಡಿತು. ಅಮ್ಮನ ಮುಖ ನೋಡಿ, ಇನ್ನು ಮಾರುವುದೊಂದೇ ಬಾಕಿ ಅಂದುಕೊಂಡೆ. ಆದರೆ ಜನ ದುಡ್ಡು ಕೊಟ್ಟು ಕೊಳ್ಳುವಂಥ ವಸ್ತುವಾಗಲು ಅದಕ್ಕೆ ಮೂರು ವರ್ಷ ಹಿಡಿಯಿತು.

ಮೊದಲು ಹತ್ತು ಮಾದರಿ ಮಾಡಿ ಅಮ್ಮನಂಥದೇ ತೊಂದರೆ ಇರುವವರಿಗೆ ಕೊಟ್ಟೆ. ಹೇಗೆ ಬಳಸಬೇಕು ಎಂದು ಮುಂದೆ ನಿಂತು ವಿವರಿಸಿದೆ. ಎಲ್ಲರೂ "ತುಂಬಾ ಚೆನ್ನಾಗಿದೆ" ಅಂದರು. ಆ ಮಾತಿನಿಂದ ನನಗೆ ಏನೂ ಗೊತ್ತಾಗಲಿಲ್ಲ. ಎದುರಿಗೆ ನಿಂತವನ ಮನಸ್ಸು ನೋಯಿಸಲು ಯಾರಿಗೂ ಇಷ್ಟವಿರುವುದಿಲ್ಲ ಅಲ್ವಾ? ಎರಡನೇ ಸಲ ಸಾಧನವನ್ನು ಮೇಜಿನ ಮೇಲಿಟ್ಟು ಸುಮ್ನೆ ಕೂತೆ. ಒಬ್ಬ ಹಿರಿಯರು ಬಳೆಯನ್ನು ಸರಿಯಾಗಿಯೇ ಸಿಕ್ಕಿಸಿದರು. ಹಿಡಿಕೆ ತಳ್ಳಿದಾಗ ಮುಚ್ಚಳದ ಜೊತೆ ಬಾಟಲಿಯೂ ತಿರುಗಿತು. ಅವರು ಏನೂ ಮಾತಾಡದೆ ಬಾಟಲಿಯನ್ನು ಎರಡು ಮಂಡಿಗಳ ನಡುವೆ ಇಟ್ಟುಕೊಂಡು ಮತ್ತೆ ತಳ್ಳಿದರು. ನಾನು ಇಷ್ಟು ದಿನ ಮುಚ್ಚಳ ತಿರುಗಿಸುವ ಕೈಯನ್ನು ಮಾತ್ರ ನೋಡಿದ್ದೆ. ಬಾಟಲಿ ಹಿಡಿಯುವ ಇನ್ನೊಂದು ಕೈಯೂ ಅಷ್ಟೇ ನೋಯುತ್ತಿರುತ್ತದೆ ಎನ್ನುವುದು ಹೊಳೆದೇ ಇರಲಿಲ್ಲ. ಬಾಟಲಿಯನ್ನು ಕೂರಿಸಲು ರಬ್ಬರಿನ ತಳವೊಂದನ್ನು ಸೇರಿಸಿದ್ದು ಆಮೇಲೆ. ಇವತ್ತು ಜನ ಜಾಸ್ತಿ ಮೆಚ್ಚುವುದು ಆ ತಳವನ್ನೇ.

ಪೇಟೆಂಟ್ ವಿಷಯದಲ್ಲಿ ಒಂದು ತಪ್ಪು ಮಾಡಿದೆ, ಹೊಸಬರು ದಯವಿಟ್ಟು ಗಮನಿಸಿ. ಅರ್ಜಿ ಹಾಕುವ ಮೊದಲೇ ಹಿಡಿಕೆಯ ಮಾದರಿಯನ್ನು ಒಂದು ಪ್ರದರ್ಶನದಲ್ಲಿ ಎಲ್ಲರೆದುರು ಇಟ್ಟಿದ್ದೆ. ಪೇಟೆಂಟ್ ವಕೀಲರು ಕೇಳಿದ ಮೊದಲ ಪ್ರಶ್ನೆಯೇ "ಇದನ್ನು ಯಾರಿಗಾದರೂ ತೋರಿಸಿದ್ದೀರಾ?" ಹೀಗೆ ಬಹಿರಂಗವಾದದ್ದನ್ನು ಬಹಳ ದೇಶಗಳಲ್ಲಿ ಹೊಸದು ಎಂದು ಒಪ್ಪುವುದಿಲ್ಲ. ಕೆಲವು ದೇಶಗಳು ಮಾತ್ರ ಸ್ವಲ್ಪ ಕಾಲಾವಕಾಶ ಕೊಡುತ್ತವೆ. ಹಿಡಿಕೆಯ ಪೇಟೆಂಟ್ ಕೈತಪ್ಪಿತು. ಯಾರಿಗೂ ತೋರಿಸದೆ ಇಟ್ಟಿದ್ದ ತಳದ ವಿನ್ಯಾಸಕ್ಕೆ ಅರ್ಜಿ ಹಾಕಿದೆ. ಪೇಟೆಂಟಿನ ಅವಧಿ ಅರ್ಜಿ ಹಾಕಿದ ದಿನದಿಂದ 20 ವರ್ಷ, ಅದೂ ಪಡೆದ ದೇಶದಲ್ಲಿ ಮಾತ್ರ. 1883ರ ಪ್ಯಾರಿಸ್ ಒಪ್ಪಂದದಿಂದಾಗಿ ಮೊದಲ ಅರ್ಜಿಯ ನಂತರ 12 ತಿಂಗಳೊಳಗೆ ಬೇರೆ ಸದಸ್ಯ ದೇಶಗಳಲ್ಲಿ ಹಾಕಿದರೆ ಹಳೆಯ ತಾರೀಖೇ ಲೆಕ್ಕಕ್ಕೆ ಬರುತ್ತದೆ. ಆ ಹನ್ನೆರಡು ತಿಂಗಳನ್ನು ಗಿರಾಕಿ ಹುಡುಕಲು ಬಳಸಿಕೊಂಡೆ. ಯಾರಾದರೂ ನಕಲು ಮಾಡಿದರೆ ಕೋರ್ಟಿಗೆ ಹೋಗಬೇಕಾದವರು ನಾವೇ. ಹಾಗಾಗಿ ಎಲ್ಲಾ ಕಡೆ ಪೇಟೆಂಟ್ ತೆಗೆಯುವ ದುಡ್ಡನ್ನು, ಕರಗಿದ ಪ್ಲಾಸ್ಟಿಕ್ ತುಂಬಿ ಒಂದೇ ಥರದ ತುಂಡುಗಳನ್ನು ತೆಗೆಯುವ ಉಕ್ಕಿನ ಅಚ್ಚಿಗೆ ಹಾಕುವುದೇ ಸರಿ ಅನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ನಿಜವಾಗಿ ಪಾಠ ಕಲಿಸಿದ್ದು ಆ ಅಚ್ಚು. ಪ್ರಿಂಟರಿನಲ್ಲಾದರೆ ರಾತ್ರಿ ತಿದ್ದಿದ್ದು ಬೆಳಿಗ್ಗೆ ಕೈಗೆ ಬರುತ್ತದೆ. ಉಕ್ಕಿನ ಅಚ್ಚು ಹಾಗಲ್ಲ. ಅಚ್ಚು ಮಾಡುವವರು ನನ್ನ ಚಿತ್ರ ನೋಡಿ ತಲೆ ಅಲ್ಲಾಡಿಸಿದರು. ಗೋಡೆ ಎಲ್ಲಾ ಕಡೆ ಒಂದೇ ದಪ್ಪ ಇರಬೇಕು, ದಪ್ಪ ಇದ್ದಲ್ಲಿ ಪ್ಲಾಸ್ಟಿಕ್ ತಡವಾಗಿ ಆರಿ ಒಳಕ್ಕೆ ಎಳೆದುಕೊಂಡು ಕುಳಿ ಬೀಳುತ್ತದೆ. ಬದಿಗಳಿಗೆ ಒಂದೆರಡು ಡಿಗ್ರಿ ಇಳಿಜಾರು ಬೇಕು, ಇಲ್ಲದಿದ್ದರೆ ವಸ್ತು ಅಚ್ಚು ಬಿಟ್ಟು ಬರುವುದಿಲ್ಲ. ಇವೆಲ್ಲ ಕೇಳಿ ತಿದ್ದಿದೆ. ಒಂದು ಮೂಲೆ ಮಾತ್ರ ಕಣ್ತಪ್ಪಿ ಉಳಿಯಿತು.

ಮೊದಲ ಸಾವಿರದಲ್ಲಿ ಮುನ್ನೂರು ಮಾರಿದ್ದೆ. ಎರಡು ತಿಂಗಳೊಳಗೆ ಹನ್ನೊಂದು ಮುರಿದು ವಾಪಸ್ ಬಂದವು. ಹನ್ನೊಂದನ್ನೂ ಸಾಲಾಗಿ ಇಟ್ಟು ನೋಡಿದರೆ ಎಲ್ಲವೂ ಹಿಡಿಕೆ ಬಳೆಗೆ ಸೇರುವಲ್ಲೇ ಮುರಿದಿದ್ದವು. ಮಾರದೆ ಉಳಿದಿದ್ದ ಒಂದನ್ನು ದೀಪದ ಕೆಳಗೆ ಹಿಡಿದು ಮೆಲ್ಲಗೆ ಬಗ್ಗಿಸಿದೆ. ಒಳಮೂಲೆಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಮೂಡಿತು. ಮೂಲೆ ಚೂಪಾಗಿದ್ದರೆ ಒತ್ತಡವೆಲ್ಲ ಅಲ್ಲೇ ಸೇರುತ್ತದೆ. ದುಂಡಗಿದ್ದರೆ ಹಂಚಿಹೋಗುತ್ತದೆ. ಪುಣ್ಯಕ್ಕೆ ಒಳಮೂಲೆ ದುಂಡಗಾಗಲು ಅಲ್ಲಿಗೆ ಪ್ಲಾಸ್ಟಿಕ್ ಸೇರಿಸಬೇಕು, ಅಂದರೆ ಅಚ್ಚಿನ ಉಕ್ಕನ್ನು ಸ್ವಲ್ಪ ಕೆರೆದರೆ ಆಯಿತು. ಉಕ್ಕು ಕೆರೆಯುವುದು ಸುಲಭ, ತುಂಬಿಸುವುದು ಕಷ್ಟ. ಅಂದಿನಿಂದ ಅನುಮಾನ ಇರುವ ಅಳತೆಯಲ್ಲೆಲ್ಲ ಮೊದಲು ಉಕ್ಕನ್ನು ಜಾಸ್ತಿ ಉಳಿಸಿಕೊಳ್ಳುತ್ತೇನೆ.

ಮಾರಿದ್ದ ಮುನ್ನೂರಕ್ಕೂ ಹೊಸದು ಕಳಿಸಿದೆ, ಮುರಿಯದವರಿಗೂ. ಉಳಿತಾಯ ಬಹುತೇಕ ಖಾಲಿಯಾಯಿತು. ನೋಯುವ ಕೈಯಲ್ಲಿ ಹಿಡಿಕೆ ಮುರಿದರೆ ಆ ಕೈಗೆ ಏನಾಗುತ್ತದೆ ಎಂದು ಯೋಚಿಸಿದಾಗ ಬೇರೆ ದಾರಿ ಕಾಣಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ, ನಾನು ಅಸಲು ಅಂತ ಲೆಕ್ಕ ಹಾಕಿದ್ದು ಪ್ಲಾಸ್ಟಿಕ್, ರಬ್ಬರ್ ಮತ್ತು ಕೂಲಿ. ಪ್ಯಾಕಿಂಗ್, ಸಾಗಣೆ, ಕೆಟ್ಟುಹೋದ ತುಂಡುಗಳು, ವಾಪಸ್ ಬರುವವು, ಅಂಗಡಿಯವರ ಪಾಲು, ನನ್ನ ಸಂಬಳ ಯಾವುದೂ ಇರಲಿಲ್ಲ. ಒಮ್ಮೆ ದೊಡ್ಡ ಆರ್ಡರ್ ಬಂತು, ಹಣ 90 ದಿನಗಳ ನಂತರ. ಸಾಮಾನಿಗೆ ಮಾತ್ರ ನಾನು ಮೊದಲೇ ಕೊಡಬೇಕು. ಲಾಭ ಕಾಗದದ ಮೇಲಿದ್ದರೂ ಕೈಯಲ್ಲಿ ದುಡ್ಡಿಲ್ಲದೆ ಅಂಗಡಿ ಮುಚ್ಚಬೇಕಾಗುತ್ತದೆ ಎನ್ನುವುದು ಆಗ ಅರ್ಥವಾಯಿತು. ಕಾಲು ಭಾಗ ಮಾತ್ರ ಒಪ್ಪಿಕೊಂಡೆ.

ಬೇಸರವಾದಾಗ ಜೆರಾಕ್ಸ್ ನಕಲು ವಿಧಾನ ಕಂಡುಹಿಡಿದ ಚೆಸ್ಟರ್ ಕಾರ್ಲ್‌ಸನ್ ನೆನಪಾಗುತ್ತಾರೆ. ಅವರ ಒಣ ನಕಲು ವಿಧಾನದಲ್ಲಿ ಮೊದಲ ಪ್ರತಿ ಮೂಡಿದ್ದು 1938ರಲ್ಲಿ. ಅದು ಕಚೇರಿಯಲ್ಲಿ ಯಾರು ಬೇಕಾದರೂ ಗುಂಡಿ ಒತ್ತಿ ಬಳಸುವಂಥ ಜೆರಾಕ್ಸ್ 914 ಆದದ್ದು 1959ರಲ್ಲಿ. ತತ್ವ ಮೊದಲ ದಿನವೇ ಸರಿಯಾಗಿತ್ತು. ಪ್ರತಿ ಸಲವೂ, ಯಾರ ಕೈಯಲ್ಲೂ ಕೆಲಸ ಮಾಡುವಂತೆ ಮಾಡಲು 21 ವರ್ಷ ಬೇಕಾಯಿತು.

ಈಗ ಪ್ರತಿ ಕಂತಿನಿಂದ ಇಪ್ಪತ್ತು ತುಂಡು ತೆಗೆದು ಒಂದೊಂದನ್ನೂ ಐನೂರು ಸಲ ಬಗ್ಗಿಸುತ್ತೇವೆ. ಆಮೇಲೆ ಒಂದನ್ನು ಅಮ್ಮನಿಗೆ ಕೊಡುತ್ತೇನೆ. ಕೈಗೆ ಎಣ್ಣೆ ಸವರಿಕೊಂಡು ಅವಳು ಬಾಟಲಿ ತೆರೆಯುವುದನ್ನು ನೋಡುತ್ತಾ ಪಕ್ಕದಲ್ಲಿ ಸುಮ್ನೆ ಕೂರುತ್ತೇನೆ. ಅವಳು "ಕಳಿಸು" ಅಂದ ಮೇಲೆ ಪೆಟ್ಟಿಗೆಗೆ ಟೇಪ್ ಬೀಳುತ್ತದೆ.