ಹಳೇ ರೇಂಜ್‌ಫೈಂಡರಿಗೆ 135 ಲೆನ್ಸ್ ಹಾಕಿ ಕಂಬಳದ ಫೋಟೋ ತೆಗೆಯೋದು ಹೇಗೆ

ನಮ್ಮ ಮಾವ ಹಡಗಲ್ಲಿ ಕೆಲಸ ಮಾಡ್ತಿದ್ದಾಗ ಒಡೆಸ್ಸಾದಿಂದ ಝೋರ್ಕಿ 4 ಅನ್ನೋ ಒಂದು ರೇಂಜ್‌ಫೈಂಡರ್ ಕ್ಯಾಮೆರಾ (ಕಿಂಡಿಯಲ್ಲಿ ಕಾಣೋ ಎರಡು ಬಿಂಬ ಒಂದಾಗೋ ತನಕ ಲೆನ್ಸ್ ತಿರುಗಿಸಿ ಫೋಕಸ್ ಮಾಡೋದು), ಅದ್ರ ಜೊತೆ ಜುಪಿಟರ್ 11 ಅನ್ನೋ 135 ಎಂಎಂ ಲೆನ್ಸ್ ತಂದಿದ್ರು. ಎರಡೂ ಉಡುಪಿ ಮನೆ ಕಪಾಟಲ್ಲಿ ಎಷ್ಟೋ ವರ್ಷ ಸುಮ್ನೆ ಬಿದ್ದುಕೊಂಡಿದ್ವು. ನಾನು ಹೊರಗೆ ತೆಗೆದು ಒರೆಸಿ, ಒಂದು ಕಪ್ಪು ಬಿಳುಪು ರೀಲು ಹಾಕ್ಕೊಂಡು ನೇರ ಕಂಬಳಕ್ಕೆ ಹೋದೆ. 36 ಫೋಟೋ ಹೊಡೆದೆ. ಡೆವಲಪ್ ಆಗಿ ಬಂದ ನೆಗೆಟಿವ್ ನೋಡಿದ್ರೆ ಕನ್ನಡಿ ಗಾಜಿನ ಹಾಗೆ ಖಾಲಿ. ಲೆನ್ಸ್ ಕ್ಯಾಪ್ ತೆಗೀಲೇ ಇಲ್ಲ ಮಾರಾಯ್ರೆ!

ನಗಬೇಡಿ, ನಿಮಗೂ ಆಗ್ತದೆ. ಯಾಕಂದ್ರೆ ರೇಂಜ್‌ಫೈಂಡರಲ್ಲಿ ನಾವು ಕಣ್ಣಿಟ್ಟು ನೋಡೋ ಕಿಂಡಿ ಬೇರೆ, ಲೆನ್ಸ್ ನೋಡೋ ದಾರಿ ಬೇರೆ. ಲೆನ್ಸಿಗೆ ಮುಚ್ಚಳ ಇದ್ರೂ ಕಿಂಡಿಯಲ್ಲಿ ಎಲ್ಲ ಚೆಂದ ಕಾಣ್ತದೆ. ಉದ್ದದ ಲೆನ್ಸ್ ಹಾಕಿದ್ರೂ ಕಿಂಡಿಗೆ ಅದು ಗೊತ್ತಿಲ್ಲ, ಅದು ಹಳೇ 50 ಎಂಎಂ ನೋಟವನ್ನೇ ತೋರಿಸ್ತಾ ಇರ್ತದೆ. ಹಾಗಾಗಿ ಅರ್ಧ ಕೆಲಸ ನಾವೇ ಲೆಕ್ಕ ಹಾಕಿ ಮಾಡ್ಬೇಕು.

ಮೊದ್ಲು ಲೆನ್ಸ್ ನೋಡಿ

ನಮ್ಮ ಕರಾವಳಿಯ ಮಳೆಗಾಲ ಅಂದ್ರೆ ಚಪ್ಪಲಿಗೇ ಬೂಷ್ಟು ಹಿಡೀತದೆ, ಇನ್ನು ಲೆನ್ಸ್ ಬಿಡ್ತದಾ. ಅಪರ್ಚರ್ (ಲೆನ್ಸಲ್ಲಿ ಬೆಳಕು ಬಿಡೋ ತೂತು) ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆ ತರ ಗೆರೆ ಕಂಡ್ರೆ ಅದೇ ಫಂಗಸ್. ನಾಲ್ಕು ಧೂಳಿನ ಕಣ ಇದ್ರೆ ತಲೆ ಕೆಡಿಸ್ಕೊಳ್ಳಬೇಡಿ, ಅದರಿಂದ ಎಂತ ಆಗೋದಿಲ್ಲ. ಚರ್ಮದ ಕೇಸ್ ಬಂದಿದ್ರೆ ಶೋಕೇಸಲ್ಲಿಡಿ, ಅದ್ರೊಳಗೆ ಮಾತ್ರ ಲೆನ್ಸ್ ಇಡಬೇಡಿ, ತೇವ ಹೀರಿಕೊಳ್ಳೋ ಚರ್ಮ ಫಂಗಸ್ಸಿಗೆ ತವರುಮನೆ ಇದ್ದ ಹಾಗೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಅಷ್ಟು ಸಾಕು.

ಹೊಸದಾಗಿ ತಗೊಳ್ಳೋರು ಒಂದು ವಿಷಯದಲ್ಲಿ ತುಂಬಾ ಜಾಗ್ರತೆ ಇರ್ಬೇಕು. 39 ಎಂಎಂ ತಿರುಪಿನ ಲೆನ್ಸ್ ಎರಡು ಜಾತಿ ಉಂಟು. ಒಂದು ಝೋರ್ಕಿ, ಫೆಡ್, ಹಳೇ ಲೈಕಾಗಳಿಗೆ, ಇನ್ನೊಂದು ಒಳಗೆ ಕನ್ನಡಿ ಇರೋ ಝೆನಿಟ್ ಎಸ್‌ಎಲ್‌ಆರಿಗೆ. ತಿರುಪು ಒಂದೇ ಆದ್ದರಿಂದ ಎರಡೂ ಕೂತ್ಕೊಳ್ತವೆ, ಆದ್ರೆ ಮೊದಲಿನದ್ದಕ್ಕೆ ಮೌಂಟಿನಿಂದ ಫಿಲ್ಮಿಗೆ ಇರೋ ದೂರ 28.8 ಎಂಎಂ, ಝೆನಿಟಿಗೆ 45.2. ಝೆನಿಟ್ ಲೆನ್ಸ್ ಹಾಕಿದ್ರೆ ಅದು 16 ಎಂಎಂಗಿಂತ ಜಾಸ್ತಿ ಒಳಗೆ ಕೂತು ಎಲ್ಲ ಮಸುಕು ಮಸುಕು ಬರ್ತದೆ, ಕಿಂಡಿಯಲ್ಲಿ ಮಾತ್ರ ಎಂತದೂ ಗೊತ್ತಾಗೋದಿಲ್ಲ. ಮಾರುವವರಿಗೇ ಎಷ್ಟೋ ಸಲ ಈ ವ್ಯತ್ಯಾಸ ಗೊತ್ತಿರೋದಿಲ್ಲ, ಆದ್ದರಿಂದ ಲೆನ್ಸ್ ಹಿಂಭಾಗದ ಫೋಟೋ ಕೇಳಿ. ಫೋಕಸ್ ತಿರುಗಿಸುವಾಗ ಹಿಂದೆ ಒಂದು ಲೋಹದ ಬಳೆ ಒಳಗೆ ಹೊರಗೆ ಆಗ್ಬೇಕು, ಕ್ಯಾಮೆರಾ ಒಳಗಿನ ಸಣ್ಣ ಕೈಯನ್ನು ತಳ್ಳೋದು ಅದೇ.

ಹಾಕೋದು, ಪರೀಕ್ಷೆ ಮಾಡೋದು

ನೆರಳಲ್ಲಿ ನಿಂತು ಲೆನ್ಸಿನ ಫೋಕಸನ್ನು ಇನ್ಫಿನಿಟಿಗೆ (ಅತಿ ದೂರದ ಗುರುತು) ಇಟ್ಟು, ಮೊದ್ಲು ಒಂಚೂರು ಎಡಕ್ಕೆ ತಿರುಗಿಸಿ. ಟಕ್ ಅಂತ ಕೂತ ಮೇಲೆ ಬಲಕ್ಕೆ. ಉಪ್ಪಿನಕಾಯಿ ಭರಣಿ ಮುಚ್ಚಳ ಹಾಕುವಾಗ ಅಮ್ಮ ಮಾಡೋದು ಹಾಗೇ, ಓರೆ ಕೂತ್ರೆ ತಿರುಪು ಹಾಳು.

ರೀಲು ಹಾಕೋದಕ್ಕೆ ಮುಂಚೆ ಕಾಪು ಕಡಲತೀರಕ್ಕೆ ಒಂದು ಸಲ ಹೋಗಿ ಬನ್ನಿ. ಅಲ್ಲಿ 1901ರ ದೀಪಸ್ತಂಭ ಉಂಟಲ್ಲ, ಅದರಿಂದ ಒಂದೆರಡು ಕಿಲೋಮೀಟರ್ ದೂರ, ಅದು ಕಾಣುವ ಜಾಗದಲ್ಲಿ ನಿಂತು ಲೆನ್ಸ್ ಇನ್ಫಿನಿಟಿಗಿಟ್ಟು ಕಿಂಡಿಯ ನಡುವಿನ ಚುಕ್ಕೆಯಲ್ಲಿ ನೋಡಿ. ಎರಡು ಸ್ತಂಭ ಸರಿಯಾಗಿ ಒಂದರ ಮೇಲೊಂದು ಕೂತ್ರೆ ರೇಂಜ್‌ಫೈಂಡರ್ ಸರಿ ಉಂಟು ಅಂತ. ಕಿಂಡಿಯೇ ಮಸುಕು ಕಂಡ್ರೆ ರಿವೈಂಡ್ ಗುಬ್ಬಿ ಬುಡದಲ್ಲಿರೋ ಲಿವರ್ ಸರಿಸಿ, ಕನ್ನಡಕದ ಪವರ್ ತರ ಅದು. ಆಮೇಲೆ ಮನೆಗೆ ಬಂದು ಹಿಂಬದಿ ಬಿಚ್ಚಿ (ಝೋರ್ಕಿ 4ರಲ್ಲಿ ಹಿಂಬದಿ ಪೂರ್ತಿ ಕಳಚಿ ಬರ್ತದೆ), ಫಿಲ್ಮ್ ಕೂರುವಲ್ಲಿ ಟ್ರೇಸಿಂಗ್ ಪೇಪರ್ ಬಿಗಿಯಾಗಿ ಅಂಟಿಸಿ, ಶಟರನ್ನು ‘ಬಿ’ಗೆ (ಗುಂಡಿ ಒತ್ತಿದಷ್ಟು ಹೊತ್ತು ತೆರೆದಿರೋ ಗುರುತು) ಇಟ್ಟು ತೆರೆದೇ ಹಿಡೀರಿ. ಅಂಗಳದ ತೆಂಗಿನಮರಕ್ಕೆ ಕಿಂಡಿಯಲ್ಲಿ ಫೋಕಸ್ ಮಾಡಿ, ಪೇಪರಲ್ಲಿ ತಲೆಕೆಳಗಾಗಿ ಬಿದ್ದ ಮರ ಚೂಪಾಗಿ ಉಂಟಾ ಅಂತ ಭೂತಗನ್ನಡಿಯಲ್ಲಿ ನೋಡಿ. ಇದು ಮಾತ್ರ ತಪ್ಪಿಸಬೇಡಿ. ಈ ಕ್ಯಾಮೆರಾದ ರೇಂಜ್‌ಫೈಂಡರ್ ಬೇಸ್ (ಎರಡು ಬಿಂಬ ತರೋ ಕಿಂಡಿಗಳ ನಡುವಿನ ದೂರ) ಸುಮಾರು 38 ಎಂಎಂ ಅಷ್ಟೆ, 135ಕ್ಕೆ ಅದು ಕಡಿಮೆಯೇ, ಸಣ್ಣ ತಪ್ಪಿದ್ರೂ ಫೋಟೋದಲ್ಲಿ ಕಾಣ್ತದೆ.

ಮತ್ತೆ ಫೋಕಸ್ ಮಾಡುವಾಗ ನೆಟ್ಟಗೆ ನಿಂತ ಗೆರೆ ಹುಡುಕಿ. ಮಲ್ಪೆ ದೋಣಿಯ ಕಂಬ, ಅಡಿಕೆಮರ, ಲೈಟ್ ಕಂಬ ಇಂಥದ್ದು. ಹಂಚಿನ ಮಾಡಿನ ಅಡ್ಡ ಅಂಚಿಗೆ ಎಷ್ಟು ತಿರುಗಿಸಿದ್ರೂ ಎರಡು ಬಿಂಬ ಬೇರೆಯಾಗಿ ಕಾಣೋದೇ ಇಲ್ಲ.

ಫ್ರೇಮ್ ಯಾವುದು

1954ರ ಲೈಕಾ ಎಂ3 ಇದ್ದವರು ಪುಣ್ಯವಂತರು, ಕಿಂಡಿಯಲ್ಲೇ 135ರ ಗೆರೆ ಬರ್ತದೆ. ನಮಗೆ ಮೇಲೆ ಸಿಕ್ಕಿಸೋ ಬೇರೆ ಫೈಂಡರ್ ಬೇಕು. ಅದು ಇಲ್ಲದಿದ್ರೆ ಕಿಂಡಿಯ ಅಗಲದಲ್ಲಿ ನಡುವಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಅಂತ ಅಂದಾಜು ಇಟ್ಕೊಳ್ಳಿ. 20 ಮೀಟರ್ ದೂರದಲ್ಲಿ 50 ಎಂಎಂ ಲೆನ್ಸಿಗೆ 14 ಮೀಟರ್ ಅಗಲ ಸಿಗ್ತದೆ, 135ಕ್ಕೆ ಬರೀ 5.3. ಹತ್ತಿರದಿಂದ ತೆಗೆಯುವಾಗ ಮೇಲಿನ ಫೈಂಡರ್ ನಂಬಿದ್ರೆ ಯಕ್ಷಗಾನದ ವೇಷದ ಕಿರೀಟ ಕಟ್ ಆಗ್ತದೆ, ಕ್ಯಾಮೆರಾ ಒಂಚೂರು ಮೇಲೆತ್ತಿ.

ಇನ್ನು ಕಂಬಳ

ಓಡಿ ಬರೋ ಕೋಣಕ್ಕೆ ಫೋಕಸ್ ಮಾಡ್ತಾ ಕೂತ್ರೆ ಕೋಣ ಮಂಜೊಟ್ಟಿ (ಓಟದ ಕೊನೆ) ದಾಟಿ ಆಯ್ತು. ಅದಕ್ಕೇ ಕರೆಯಲ್ಲಿ (ಕೋಣ ಓಡೋ ಕೆಸರಿನ ದಾರಿ) ಒಂದು ಜಾಗ ಮೊದಲೇ ಆರಿಸಿ, 20 ಮೀಟರಿಗೆ ಫೋಕಸ್ ಇಟ್ಟು ಕಾಯಿರಿ. ಹಗಲು ಒಳ್ಳೆ ಬಿಸಿಲಿಗೆ ಐಎಸ್‌ಒ 200 ರೀಲಿಗೆ ಅಪರ್ಚರ್ ಎಫ್ 11, ಶಟರ್ ಸ್ಪೀಡ್ 1/500 ಸೆಕೆಂಡ್. ಆಗ ಸುಮಾರು 15 ಮೀಟರಿಂದ 31 ಮೀಟರ್ ತನಕ ಚೂಪಾಗಿ ಬರ್ತದೆ. ಎಫ್ 4 ಇಟ್ರೆ 18ರಿಂದ 23, ಅಷ್ಟು ಜಾಗ ಕೋಣ ಕಣ್ಣು ಮುಚ್ಚಿ ತೆರೆಯೋದ್ರೊಳಗೆ ದಾಟ್ತದೆ. 1/250ಕ್ಕಿಂತ ಕೆಳಗೆ ಇಳಿಯಬೇಡಿ, ಉದ್ದದ ಲೆನ್ಸಲ್ಲಿ ಕೈ ನಡುಗಿದ್ದೂ ದೊಡ್ಡದಾಗಿಯೇ ಕಾಣ್ತದೆ. ಝೋರ್ಕಿಯವರು ಇನ್ನೊಂದು ನೆನಪಿಡಿ, ಫಿಲ್ಮ್ ಮುಂದೆ ತಿರುಗಿಸಿದ ಮೇಲೆಯೇ ಶಟರ್ ಸ್ಪೀಡ್ ಬದಲಿಸ್ಬೇಕು, ಮುಂಚೆ ಬದಲಿಸಿದ್ರೆ ಶಟರ್ ಕೆಡುವ ಸಂಭವ ಉಂಟು, ರಿಪೇರಿಗೆ ಇಲ್ಲಿ ಜನ ಸಿಗೋದೇ ಕಷ್ಟ.

ಸಂಜೆ ಮಲ್ಪೆಯಲ್ಲಿ ಸೂರ್ಯ ಮುಳುಗೋದು ತೆಗೀಬೇಕು ಅಂತ ಎಲ್ರಿಗೂ ಆಸೆ. ನೀರಿಗೆ ಹತ್ತಿರ ಕೆಂಪಾದ ಮೇಲೆ ಸರಿ. ಅದಕ್ಕೆ ಮುಂಚೆ ಕ್ಯಾಪ್ ಇಲ್ಲದೆ ಕುತ್ತಿಗೆಗೆ ನೇತಾಕಿ ಸೂರ್ಯನ ಕಡೆ ಮುಖ ಮಾಡಿ ನಿಂತ್ರೆ, ಒಳಗೆ ಕನ್ನಡಿ ಇಲ್ಲದ್ದರಿಂದ ಬಿಸಿಲು ನೇರ ಬಟ್ಟೆಯ ಶಟರ್ ಮೇಲೆ ಬಿದ್ದು ತೂತು ಸುಡ್ತದೆ, ಚಿಕ್ಕವರಿರುವಾಗ ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ. ಅಂದ್ರೆ ಕ್ಯಾಪ್ ಹಾಕಿಯೇ ಇರ್ಬೇಕು, ಹಾಕಿದ್ರೆ ಮರೀತದೆ!

ನಾನೀಗ ಕ್ಯಾಪಿಗೆ ಒಂದು ಕೆಂಪು ನೂಲು ಅಂಟಿಸಿ ಅದ್ರ ಇನ್ನೊಂದು ತುದಿ ಕಿಂಡಿಗೆ ಅಡ್ಡ ಬರೋ ಹಾಗೆ ಮೇಲೆ ಸಿಕ್ಕಿಸಿದ್ದೇನೆ. ಕ್ಯಾಪ್ ಇದ್ರೆ ಕಣ್ಣಿಗೆ ಕೆಂಪು ಕಾಣ್ತದೆ. ಮೊನ್ನೆಯ ರೀಲಲ್ಲಿ 36ಕ್ಕೆ 31 ಬಂದಿವೆ, ಉಳಿದ ಐದರಲ್ಲಿ ಬರೀ ಕೆಸರು ನೀರು, ಕೋಣ ಇಲ್ಲ.