ಹುಲಿ ಹೋಯ್ತಾ?

ಮದುವೆಯಾಗಿ ಮಣಿಪುರದ ಇಂಫಾಲಕ್ಕೆ ಬಂದ ಮೇಲೆ ನಾನು ಮೈತೇಯಿ ಮಾತು ಕಲಿತದ್ದು ಅಂಗಳದಲ್ಲಿ. ಇಲ್ಲಿ ಅಂಗಳಕ್ಕೆ ಶುಮಾಂಗ್, ಕೇರಿಗೆ ಲೈಕಾಯ್ ಅಂತಾರೆ. ವಾರಿ ಅಂದರೆ ಕತೆ. ಹರಟೆಗೂ ಅದೇ ಪದ, ವಾರಿ ಸಾನಬ. ಯಾರ ಮನೆ ಹುಡುಗಿ ಯಾರ ಜೊತೆ ಓಡಿಹೋದಳು ಅನ್ನೋದೂ ವಾರಿಯೇ, ಅಜ್ಜಿಯರು ಒಲೆ ಮುಂದೆ ಹೇಳುವ ಫುಂಗಾ ವಾರಿಯೂ ವಾರಿಯೇ. ಫುಂಗಾ ಅಂದರೆ ಒಲೆ. ನಮ್ಮನೆಯಲ್ಲೀಗ ಗ್ಯಾಸು, ಆ ಮಾತು ಬೇರೆ.

ಅತ್ತೆಯ ಕತೆಗಳನ್ನು ಫೇಸ್‌ಬುಕ್‌ಗೆ ಹಾಕೋಣ ಅಂತ ಹೊರಟೆ. ಮೊದಲ ದಿನ ಎದುರಿಗೆ ಫೋನ್ ಹಿಡಿದು "ಇಮಾ, ಹೇಳಿ" ಅಂದೆ. ಇಮಾ ಅಂದರೆ ಅಮ್ಮ. ವಾರ್ತೆ ಓದೋರ ಥರ ಬಿಗಿಯಾಗಿ ಕೂತರು. ಎರಡೇ ನಿಮಿಷಕ್ಕೆ ಕತೆ ಖಾಲಿ! ಮಾರನೇ ದಿನ ಕೈಗೆ ಯೊಂಗ್ಚಾಕ್ ಕೊಟ್ಟೆ. ಉದ್ದನೆಯ ಹಸಿರು ಕಾಯಿ, ವಾಸನೆ ಸ್ವಲ್ಪ ಜಾಸ್ತಿ. ಅದರ ಸಿಪ್ಪೆ ಹೆರೆಯುತ್ತಾ ಕೂತರೆ ಕತೆ ತಾನಾಗಿ ಬಂತು. ಫೋನನ್ನು ಪಕ್ಕದಲ್ಲಿ ಸುಮ್ನೆ ಇಟ್ಟಿದ್ದೆ. ಆ ಕರ್ ಕರ್ ಸದ್ದು ರೆಕಾರ್ಡಿಂಗ್‌ನಲ್ಲಿ ಹಾಗೇ ಇದೆ, ತೆಗೆಯಲಿಲ್ಲ.

ಅವತ್ತಿನದು ತಪ್ತಾ ಕತೆ. ರಾತ್ರಿ ಮಗು ಅಳುತ್ತಿದೆ. ಹುಲಿ ಬಂತು ಅಂದರೂ ನಿಲ್ಲಿಸಲ್ಲ. "ತಪ್ತಾ ಬಂತು" ಅಂದ ತಕ್ಷಣ ಗಪ್‌ಚಿಪ್. ನಮ್ಮ ಗುಮ್ಮನ ಹಾಗೆ. ಹೊರಗೆ ಹೊಂಚು ಹಾಕಿದ್ದ ಹುಲಿ ಇದನ್ನು ಕೇಳಿಸಿಕೊಂಡು, ನನಗಿಂತ ದೊಡ್ಡದು ಯಾವುದಪ್ಪಾ ಅಂತ ನಡುಗುತ್ತದೆ.

ಕತೆಯ ನಡುವೆ ಅತ್ತೆ ಪಕ್ಕದ ಓಣಿಯ ಒಂದು ಮದುವೆ ಮಾತುಕತೆ ಮುರಿದದ್ದನ್ನೂ ಹೇಳಿಬಿಟ್ಟಿದ್ದರು. ನಾನು ಪೂರ್ತಿ ಕೇಳದೆ ಹಾಕಿದೆ. ಸಂಜೆಯೊಳಗೆ ಕೇರಿಯ ವಾಟ್ಸಾಪ್ ಗುಂಪಿನಲ್ಲಿ ಅದೊಂದೇ ತುಣುಕು ಓಡಾಡುತ್ತಿತ್ತು. ಅಂಗಳದಲ್ಲಾಗಿದ್ದರೆ ಎಲ್ಲರೂ ಕೇಳಿ, ಕೇಳದ ಹಾಗೆ ಇರುತ್ತಿದ್ದರು. ಪೋಸ್ಟ್ ಅಳಿಸಿದೆ. ಅತ್ತೆಯನ್ನು ಕರೆದುಕೊಂಡು ಹುಡುಗಿಯ ತಾಯಿಯ ಹತ್ತಿರ ಹೋದೆ. ಆಕೆ ಚಹಾ ಕೊಟ್ಟರು, ನಮ್ಮ ಮುಖ ಮಾತ್ರ ನೋಡಲಿಲ್ಲ.

ಆಮೇಲಿಂದ ಒಂದು ರಾತ್ರಿ ಕಳೆಯದೆ ಏನೂ ಹಾಕುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳುತ್ತೇನೆ. ಅತ್ತೆಗೂ ಕೇಳಿಸುತ್ತೇನೆ, ಅವರು "ಇಲ್ಲಿ ಕತ್ತರಿಸು" ಅಂದಲ್ಲಿ ಕತ್ತರಿಸುತ್ತೇನೆ. 2023ರ ಮೇ ತಿಂಗಳಲ್ಲಿ ಇಂಟರ್ನೆಟ್ ಕಡಿದು ತಿಂಗಳುಗಟ್ಟಲೆ ಪೇಜು ಮಲಗಿತ್ತು. ಆಗಿನ ಕತೆಗಳೆಲ್ಲ ಮೆಮೊರಿ ಕಾರ್ಡಿನಲ್ಲಿವೆ, ಒಂದೊಂದಾಗಿ ಕೇಳುತ್ತಿದ್ದೇನೆ.

ಈಗ ಹೆಂಗಸರು ಸೇರಿದಾಗ, ಬಿಸಿಬಿಸಿ ಸುದ್ದಿ ಶುರುವಾಗೋ ಮುಂಚೆ ಅತ್ತೆ ನನ್ನ ಫೋನಿನ ಕಡೆ ಗದ್ದ ಎತ್ತಿ ಕೇಳುತ್ತಾರೆ: "ಹುಲಿ ಹೋಯ್ತಾ?"